ಕೆಂಪು ಬೆಳಕಿಗೆ ಒಗ್ಗದ ರಕ್ತ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕತ್ತಲಕ್ಕ ಅಂತಲೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಟೆಕ್ನಿಷಿಯನ್. ಕೊನೆಯ ಆರು ವರ್ಷ ಕಿಟಕಿಯಿಲ್ಲದ ಕೋಣೆಯೊಂದರಲ್ಲೇ ಕಳೆದಿದ್ದಳು. ಪ್ರೊಫೆಸರ್ ತಯಾರಿಸಿದ ನ್ಯಾನೋ ಕಣಗಳಿಗೆ ಚೂರು ಬೆಳಕು ತಾಗಿದರೂ ಸಾಕು, ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚೆತ್ತುಬಿಡುತ್ತಿದ್ದವು. ಹಾಗಾಗಿ ಒಂದು ಮಂದ ದೀಪ ಬಿಟ್ಟರೆ ಕೋಣೆಯಲ್ಲಿ ಬೇರೇನೂ ಉರಿಯುವ ಹಾಗಿರಲಿಲ್ಲ. ಪ್ಲೇಟುಗಳಿಗೆ ಫಾಯಿಲ್ ಸುತ್ತಿ, ತಡವರಿಸಿ ನಡೆದು, ಅವಳು ಕಣ್ಣಿಗಿಂತ ಬೆರಳನ್ನೇ ನಂಬಿ ಕೆಲಸ ಮಾಡುವುದನ್ನು ಕಲಿತಿದ್ದಳು.

ಕೆಲಸ ಇಷ್ಟೇ. ಮೈಯನ್ನು ಕಾಯಬೇಕಾದ ಜೀವಕೋಶಗಳು ಕೆಲವರಲ್ಲಿ ತಲೆಕೆಟ್ಟು ಸ್ವಂತ ಕೀಲುಗಳನ್ನೇ ಕಚ್ಚತೊಡಗುತ್ತವೆ. ಗಂಟುಗಳು ಕೆಂಪಾಗಿ, ಊದಿ, ಉರಿಯುತ್ತವೆ. ಅಂಥವರ ರಕ್ತದಿಂದ ಆ ಜೀವಕೋಶಗಳನ್ನು ತೆಗೆದು, ಅವುಗಳ ಒಳಕ್ಕೆ ನ್ಯಾನೋ ಕಣ ಸೇರಿಸಿ, ಮೇಲಿಂದ ಹತ್ತು ನಿಮಿಷ ಕೆಂಪು ಬೆಳಕು ಬಿಟ್ಟರೆ ಅವು ತಣ್ಣಗಾಗಬೇಕು. ತಣ್ಣಗಾಗುತ್ತಲೂ ಇದ್ದವು. ಮೊದಲ ಸಲ ಅದನ್ನು ಕಂಡಾಗ ಅವಳಿಗೆ ಊಟ ಸೇರಿರಲಿಲ್ಲ, ಅಷ್ಟು ಸಂತೋಷ.

ಸಂತೋಷಕ್ಕೆ ಕಾರಣ ಅವಳ ಒಡಹುಟ್ಟಿದ ಅಕ್ಕ. ಅಕ್ಕ ಹೊಲಿಗೆಯವಳು, ಅವಳು ಹೊಲಿದ ಕಾಲರು ಒಗೆದು ಒಗೆದು ಬಟ್ಟೆ ಹರಿದರೂ ಮಡಿಕೆ ಬಿಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಸಂಧಿವಾತ ಆ ಬೆರಳುಗಳನ್ನು ಸೊಟ್ಟಗೆ ತಿರುಚಿಹಾಕಿತ್ತು. ಪರೀಕ್ಷೆಗೆ ಹನ್ನೆರಡು ರೋಗಿಗಳ ರಕ್ತ ಬೇಕೆಂದಾಗ ಅಕ್ಕನೇ ಮುಂದೆ ಬಂದಳು. "ತಗೊ, ಎಷ್ಟು ಬೇಕೋ ಅಷ್ಟು ತಗೊ. ಈ ಮೈಯಿಂದ ಇನ್ನೇನು ಉಪಯೋಗ?" ಎಂದು ನಕ್ಕಿದ್ದಳು.

ಹನ್ನೆರಡರಲ್ಲಿ ಒಂಬತ್ತು ತಣ್ಣಗಾದವು. ಮೂರು ಮಾತ್ರ ಬೆಳಕು ಬಿದ್ದದ್ದೇ ತಡ ಇನ್ನಷ್ಟು ಕೆರಳಿ ನಿಂತವು. ಆ ಮೂರರಲ್ಲಿ ಅಕ್ಕನದೂ ಒಂದು.

ಪ್ರೊಫೆಸರ್ ಫಲಿತಾಂಶದ ಹಾಳೆಯನ್ನು ಅರೆನಿಮಿಷವೂ ನೋಡಲಿಲ್ಲ. "ಈ ಮೂರು ಸ್ಯಾಂಪಲ್ ಕೆಟ್ಟಿವೆ. ಎಲ್ಲೋ ಕೈತಪ್ಪಾಗಿದೆ."

"ನನ್ನ ಕೈಯಲ್ಲೇನಾ ಸಾರ್?"

"ಮತ್ತೆ ಯಾರ ಕೈಯಲ್ಲಿ? ಆ ಕೋಣೆಯಲ್ಲಿ ಇರೋದು ನೀವೊಬ್ಬರೇ ತಾನೆ?"

ಅವಳು ಹಲ್ಲು ಕಚ್ಚಿಕೊಂಡು ಹೊರಬಂದಳು. ಮತ್ತೆ ಅಕ್ಕನ ತೋಳಿನಿಂದ ರಕ್ತ ತಂದಳು, ಎರಡು ಸಲ. ಎರಡು ಸಲವೂ ಅದೇ ಫಲ. ಮೂವರ ಕಾಗದಪತ್ರ ಪಕ್ಕಪಕ್ಕ ಇಟ್ಟು ನೋಡಿದಾಗ ವಿಷಯ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿತ್ತು: ಮೂವರದೂ ಇಪ್ಪತ್ತು ವರ್ಷ ದಾಟಿದ ರೋಗ. ಉಳಿದವರಲ್ಲಿ ಯಾರದೂ ಹತ್ತು ವರ್ಷ ಮೀರಿರಲಿಲ್ಲ. ಅದನ್ನೂ ಪ್ರೊಫೆಸರ್ ಮುಂದೆ ಇಟ್ಟಳು.

"ಮುಂದಿನ ಪ್ರಬಂಧದಲ್ಲಿ ನೋಡೋಣ," ಎಂದರು ಅವರು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಪ್ರಬಂಧ ಅಚ್ಚಾಯಿತು. ಅದರ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು: ತಾಂತ್ರಿಕ ಸಿಬ್ಬಂದಿಯ ನಿರ್ವಹಣಾ ದೋಷದಿಂದ ಮೂರು ಮಾದರಿಗಳನ್ನು ಕೈಬಿಡಲಾಗಿದೆ. ಹತ್ತೊಂಬತ್ತು ವರ್ಷದಲ್ಲಿ ಅವಳ ಬಗ್ಗೆ ಅಚ್ಚಾದದ್ದು ಅದೊಂದೇ ಸಾಲು. ಪತ್ರಿಕೆಗಳಲ್ಲಿ ಪ್ರೊಫೆಸರ್ ಫೋಟೋ ಬಂತು. ದೊಡ್ಡಾಸ್ಪತ್ರೆಯಲ್ಲಿ ರೋಗಿಗಳ ಕೀಲುಗಳಿಗೇ ಕಣ ಚುಚ್ಚಿ ಬೆಳಕು ಬಿಡುವ ಪ್ರಯೋಗ ಶುರುವಾಗುವುದೆಂಬ ಸುದ್ದಿಯೂ ಬಂತು.

ಭಾನುವಾರ ಅಕ್ಕನ ಮನೆಗೆ ಹೋದಾಗ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಗೆಲುವು. "ನಿನ್ನ ದೀಪದ ಪ್ರಯೋಗಕ್ಕೆ ನಾನೂ ಹೆಸರು ಕೊಟ್ಟೆ ಕಣೇ! ಪಟ್ಟಿಯಲ್ಲಿ ಹದಿನಾಲ್ಕನೆಯವಳು ನಾನು. ಮೊದಲು ಬಲಗೈ ಮಾಡಿ ಅಂತ ಹೇಳಿದೀನಿ."

ತಂಗಿ ಅವಳನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದಹಾಗೆ ಹೇಳಿದಳು.

"ಸುಮ್ನಿರು. ಇಷ್ಟು ದೊಡ್ಡ ಪೇಪರಲ್ಲಿ ಸುಳ್ಳು ಹಾಕ್ತಾರಾ?"

"ಸುಳ್ಳು ಹಾಕಿಲ್ಲ ಅಕ್ಕ. ನಿನ್ನನ್ನ ಬಿಟ್ಟು ಹಾಕಿದಾರೆ."

ಅಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. "ಬೇಕಾದಾಗೆಲ್ಲ ನನ್ನ ರಕ್ತ ತಗೊಂಡೆ. ಈಗ ಬಾಗಿಲು ತೆಗೆದಿದೆ, ನೀನೇ ಅಡ್ಡ ನಿಲ್ತೀಯಾ?" ಎಂದಳು. "ನಾನು ಹೋಗೋಳೇ."

ಮರುದಿನ ತಂಗಿ ಮೂರೂ ಮಾದರಿಗಳ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋದಳು. ಪ್ರಯೋಗದ ಹೊಣೆ ಹೊತ್ತ ಡಾಕ್ಟರಮ್ಮ ಒಂದೊಂದೇ ಹಾಳೆ ತಿರುವಿ, ಮತ್ತೆ ಮೊದಲಿನಿಂದ ತಿರುವಿದರು.

"ಇದನ್ನ ಇಲ್ಲಿಗೆ ತಂದಿದ್ದು ನಿಮ್ಮ ಪ್ರೊಫೆಸರಿಗೆ ಗೊತ್ತಾ?"

"ಇಲ್ಲ."

"ಗೊತ್ತಾಗುತ್ತೆ," ಎಂದರು ಡಾಕ್ಟರಮ್ಮ. ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ, ಕನಿಕರವಿತ್ತು.

ವಾರದೊಳಗೆ ಬಹುಕಾಲದ ರೋಗಿಗಳೆಲ್ಲರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು. ಅದೇ ವಾರ ಕತ್ತಲಕ್ಕನನ್ನು ಕತ್ತಲೆ ಕೋಣೆಯಿಂದ ಗಾಜಿನ ಸಾಮಾನು ತೊಳೆಯುವ ಕಡೆಗೆ ಹಾಕಿದರು. ಅಲ್ಲಿ ದೊಡ್ಡ ಕಿಟಕಿಯಿತ್ತು. ಇಡೀ ದಿನ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಪಟ್ಟಿಯಿಂದ ತನ್ನ ಹೆಸರು ಹೋದ ಸುದ್ದಿ ತಿಳಿದ ಅಕ್ಕ ಬೈಯಲಿಲ್ಲ, ಅಳಲೂ ಇಲ್ಲ.

"ಉರಿದಿದ್ರೆ ಉರೀತಿತ್ತು," ಎಂದಳು. "ಒಂದಾರು ತಿಂಗಳಾದ್ರೂ ವಾಸಿಯಾಗುತ್ತೆ ಅಂದ್ಕೊಂಡು ಬದುಕ್ತಿದ್ದೆ. ಅದನ್ನೂ ಕಿತ್ಕೊಂಡೆ ನೀನು."

ಅಲ್ಲಿಂದಾಚೆ ಅಕ್ಕತಂಗಿಯರ ಮಾತು ನಿಂತಿತು.

ಒಂದು ವರ್ಷ ಕಳೆಯಿತು. ಪ್ರೊಫೆಸರ್ ಎರಡನೆಯ ಪ್ರಬಂಧ ಬಂತು: ಬಹುಕಾಲದ ರೋಗಿಗಳಲ್ಲಿ ಕೆಂಪು ಬೆಳಕು ಉರಿಯೂತವನ್ನು ಹೆಚ್ಚಿಸಬಹುದು, ಇದು ನಮ್ಮ ತಂಡದ ಹೊಸ ಶೋಧ. ಅದರ ಗ್ರಾಫಿನಲ್ಲಿದ್ದ ಮೂರು ಗೆರೆಗಳಲ್ಲಿ ನಡುವಿನದು ಅಕ್ಕನದೆಂದು ಅವಳಿಗೆ ನೋಡಿದ ಕೂಡಲೇ ತಿಳಿಯಿತು. ಬರೆದವರ ಹೆಸರುಗಳ ಸಾಲನ್ನು ಎರಡು ಸಲ ಓದಿದಳು. ತನ್ನದು ಇರಲಿಲ್ಲ.

ಅದನ್ನು ಅಕ್ಕನ ಮನೆಗೆ ಒಯ್ದು ಮೇಜಿನ ಮೇಲಿಟ್ಟಳು. "ನೋಡು, ಈಗ ಅವರೇ ಬರೆದಿದಾರೆ."

ಅಕ್ಕ ಹಾಳೆಯ ಕಡೆ ತಿರುಗಲೂ ಇಲ್ಲ. ಎಷ್ಟೋ ತಿಂಗಳ ಮೇಲೆ ಬಾಯಿ ಬಿಟ್ಟಳು. "ಸರಿ, ನೀನೇ ಗೆದ್ದೆ. ಖುಷಿನಾ?"

ಅಕ್ಕನ ಸ್ವೆಟರಿನ ಗುಂಡಿಗಳು ಹಾಗೇ ತೆರೆದಿದ್ದವು. ಬೆಳಗಿನಿಂದ ಹಾಕಿಕೊಳ್ಳಲು ಆಗಿರಲಿಲ್ಲ ಅಂತ ಕಾಣುತ್ತೆ. ಕತ್ತಲಕ್ಕ ಮಂಡಿಯೂರಿ ಕೂತು ಕೆಳಗಿನಿಂದ ಒಂದೊಂದೇ ಗುಂಡಿ ಹಾಕತೊಡಗಿದಳು. ಅಕ್ಕ ತಡೆಯಲಿಲ್ಲ, ಮುಖ ಮಾತ್ರ ಗೋಡೆಗೆ ತಿರುಗಿಸಿಕೊಂಡಳು.

"ಬಿಗಿ ಆಯ್ತಾ?" ತಂಗಿ ಕೇಳಿದಳು.

ಕೇಳುತ್ತಲೇ ಮೇಲಿನ ಕೊನೆಯ ಗುಂಡಿಗೆ ಕೈಹಾಕಿದಳು.