ಇಳಿದು ಬರುವ ಕಪಾಟು

ಅರಬೈಲ್ ಘಟ್ಟದಲ್ಲಿ ಕಾರು ಉರುಳಿದ ಮೇಲೆ ಯಲ್ಲಾಪುರದ ಪರಿಮಳಾ ಗಾಲಿಕುರ್ಚಿ ಹಿಡಿದರು. ಕುಳಿತರೆ ಅಡುಗೆಕಟ್ಟೆ ಎದೆಮಟ್ಟಕ್ಕೆ ಬರುತ್ತಿತ್ತು. ಸಾಸಿವೆ ಡಬ್ಬಿ ಬೇಕಾದರೂ ಗಂಡ ನಾಗಪತಿಯನ್ನು ಕೂಗಬೇಕು. ಬರಬರುತ್ತಾ ಅವರು ಅಡುಗೆಮನೆಗೆ ಹೋಗುವುದನ್ನೇ ಬಿಟ್ಟರು.

ನಾಗಪತಿ ಶಿರಸಿಯಿಂದ ಒಳಾಂಗಣ ವಿನ್ಯಾಸ ಮಾಡುವ ಸಂಹಿತಾಳನ್ನು ಕರೆಸಿದರು. ಅಳತೆ ಹಿಡಿಯುತ್ತಾಳೆ ಎಂದುಕೊಂಡಿದ್ದರೆ ಅವಳು ಟೇಪನ್ನು ಹೊರಗೇ ತೆಗೆಯಲಿಲ್ಲ.

"ಅಕ್ಕಾ, ನಿಂಗ್ಳ ಕುರ್ಚಿ ಒಂಚೂರು ಕೊಡ್ತ್ರಾ?"

ಪರಿಮಳಾ ಅವರನ್ನು ಮಂಚದ ಮೇಲೆ ಕೂರಿಸಿ, ತಾನು ಗಾಲಿಕುರ್ಚಿಯಲ್ಲಿ ಕುಳಿತು ಮಧ್ಯಾಹ್ನದ ಅಡುಗೆಗೆ ತೊಡಗಿದಳು. ಮೊಣಕಾಲು ಕಟ್ಟೆಗೆ ಬಡಿಯಿತು, ಸಾರು ಸೀರೆ ಮೇಲೆ ಚೆಲ್ಲಿತು. "ಈಗ ಗೊತ್ತಾತು" ಎಂದು ನಕ್ಕಳು.

ದೀಪಾವಳಿಯ ಹೊತ್ತಿಗೆ ಅಡುಗೆಮನೆ ಬದಲಾಗಿತ್ತು. ಕಟ್ಟೆ ತಗ್ಗಿ, ಅದರ ಕೆಳಗೆ ಕಾಲು ಚಾಚಲು ಜಾಗವಾಗಿತ್ತು. ಮೇಲಿನ ಕಪಾಟಿಗೆ ಬಾವಿಗೆ ಇರುವಂಥ ರಾಟೆ, ಹಿಂದೆ ಸರಿದೂಗಿಸುವ ಕಲ್ಲು. ಹಗ್ಗ ಮೆಲ್ಲಗೆ ಎಳೆದರೆ ಡಬ್ಬಿಗಳ ಸಮೇತ ಕಪಾಟು ಕೈಗೆಟಕುವಷ್ಟು ಕೆಳಗಿಳಿದು, ಬಿಟ್ಟಲ್ಲೇ ನಿಲ್ಲುತ್ತಿತ್ತು.

ಪರಿಮಳಾ ಹಗ್ಗ ಎಳೆದರು. ಕಪಾಟು ಸದ್ದಿಲ್ಲದೆ ಎದುರಿಗೆ ಬಂತು. ಆಟಿಕೆ ಸಿಕ್ಕ ಮಗುವಿನಂತೆ ಅದನ್ನು ಮೇಲೆ ಕಳಿಸಿ, ಮತ್ತೆ ಇಳಿಸಿದರು.

"ಎಂತಾ ತಲೆ ಕೂಸೇ ನಿಂದು!" ಎಂದು ಸಂಹಿತಾಳ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು.

ಅಷ್ಟರಲ್ಲಿ ನಾಗಪತಿ ಅಭ್ಯಾಸಬಲದಿಂದ ದೋಸೆಹಿಟ್ಟಿನ ಪಾತ್ರೆಗೆ ಕೈ ಹಾಕಿದರು.

"ನಿಂಗ ಇಬ್ರೂ ಹೊರಗೆ ಕುತ್ಗಳಿ" ಎನ್ನುತ್ತಾ ಪರಿಮಳಾ ತಾವೇ ಎರೆಯಲು ಕುರ್ಚಿಯನ್ನು ಒಲೆಯತ್ತ ತಿರುಗಿಸಿದರು. "ದೋಸೆ ಆನೇ ಎರೆತೆ."

ಸಂಹಿತಾ ಸಾಕೆಂದರೂ ಬಿಡದೆ ಬಡಿಸಿದರು.