ಚಾವಣಿ ಬಿಚ್ಚಿದ ನಾಲ್ವರು

ಅತ್ತೆ ಸತ್ಯವೇದವನ್ನು, ಎಂದರೆ ಬೈಬಲನ್ನು, ಮೊದಲಿಂದ ಕೊನೆಯವರೆಗೆ ಹನ್ನೊಂದು ಸಲ ಓದಿ ಮುಗಿಸಿದವರು. ಅಳಿಯ ಮೊದಲ ಪುಟ ದಾಟಿದವನಲ್ಲ. ಹೀಗಿದ್ದೂ ಇಬ್ಬರೂ ಒಂದೇ ಸೂರಿನಡಿ ಒಂಬತ್ತು ವರ್ಷ ಜಗಳವಿಲ್ಲದೆ ಬಾಳಿದ್ದರು. ಆತ ಲಿಫ್ಟ್ ಮೆಕ್ಯಾನಿಕ್. ಯಾವ ಕಟ್ಟಡದಲ್ಲಿ ಯಾವ ಲಿಫ್ಟ್ ನಡುವೆ ನಿಂತಿದೆ ಎಂದು ದಿನವಿಡೀ ಓಡಾಡುವವನು. ಜಗಳಕ್ಕೂ ಪುರುಸೊತ್ತು ಬೇಕಲ್ಲ!

ಅತ್ತೆಯ ಓದಿನ ಗುಂಪು ನಡೆಸುತ್ತಿದ್ದ ಹಿರಿಯ ಮೇಷ್ಟರು ತಮ್ಮ ಮಗಳ ಊರು ಸೇರಿದ ಮೇಲೆ ಗುಂಪಿನವರು ದಿಕ್ಕಿಗೊಬ್ಬರಾದರು. ಅದೇ ಹೊತ್ತಿಗೆ ಅತ್ತೆಯ ಕಣ್ಣೂ ಮಂಜಾಗತೊಡಗಿತು. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುವ ತಾಯಿಯನ್ನು ನೋಡಲಾರದೆ ಮಗಳು ಗಂಡನಿಗೆ ಹೇಳಿದಳು: "ನಂಗಂತೂ ಆಸ್ಪತ್ರೇಲಿ ಸಂಜೆ ಪಾಳಿ. ಅಮ್ಮಂಗೆ ಒಂದು ಒಳ್ಳೆ ಗುಂಪು ಹುಡುಕಿಕೊಡೋ ಜವಾಬ್ದಾರಿ ನಿಮ್ದು. ಬಿಟ್ಟುಬರೋದಲ್ಲ, ಜೊತೇಲಿ ಕೂತ್ಕೋಬೇಕು. ಅವರಿಗೆ ಓದಿ ಹೇಳೋರು ಬೇಕು."

ಹೆಂಡತಿಯ ಮಾತಿಗೆ ಎದುರಾಡುವ ಅಭ್ಯಾಸ ಆತನಿಗಿರಲಿಲ್ಲ.

ಮೊದಲು ಹೋದದ್ದು ಒಂದು ದೊಡ್ಡ ಸಭಾಂಗಣಕ್ಕೆ. ಅಲ್ಲಿನ ಪಂಡಿತರು ಮೈಕ್ ಹಿಡಿದು ಒಂದೇ ಒಂದು ಪದವನ್ನು ಮುಕ್ಕಾಲು ಗಂಟೆ ಜಗ್ಗಿದರು. ಅತ್ತೆ ಮೈಯೆಲ್ಲ ಕಿವಿಯಾಗಿ ಕೂತರು. ಅಳಿಯ ಕೂತಲ್ಲೇ ಒರಗಿದ.

"ಅಳಿಯಂದ್ರೇ, ನೀವು ಗೊರಕೆ ಹೊಡೆದಿದ್ದು ಸರಿಯಾಗಿ ಪ್ರಾರ್ಥನೆ ಹೊತ್ತಿಗೆ," ಎಂದರು ಅತ್ತೆ, ಮನೆಗೆ ಬರುವಾಗ.

"ಏನ್ಮಾಡ್ಲಿ ಅತ್ತೆ, ಅವರು ಹತ್ತನೇ ಮಹಡೀಲಿದ್ರು, ನಾನು ನೆಲಮಾಳಿಗೇಲಿದ್ದೆ. ಮಧ್ಯೆ ಲಿಫ್ಟ್ ಇರ್ಲಿಲ್ಲ."

ಎರಡನೆಯದು ಹೊಸಬರಿಗೆಂದೇ ಮಾಡಿದ ತರಗತಿ. ನಗುಮುಖದ ಹುಡುಗಿಯೊಬ್ಬಳು ಬಣ್ಣದ ಹಾಳೆಗಳನ್ನು ಹಂಚಿ, ಬಿಟ್ಟ ಸ್ಥಳ ತುಂಬಿಸಿ ಎಂದಳು. ಅಳಿಯನಿಗೆ ಖುಷಿಯೋ ಖುಷಿ. ಜಲಪ್ರಳಯದ ಕತೆಯಲ್ಲಿ ನಾವೆಯೊಳಗೆ ಪ್ರಾಣಿಗಳು ಎಷ್ಟೆಷ್ಟು ಹೋದವು ಎಂಬಲ್ಲಿಗೆ 'ಎರಡೆರಡು' ಎಂದು ದಪ್ಪಕ್ಷರದಲ್ಲಿ ಬರೆದ. ಪಕ್ಕದಲ್ಲಿ ಅತ್ತೆಯ ಕೈ ಮೇಲೆದ್ದಿತು.

"ಶುದ್ಧ ಪ್ರಾಣಿಗಳು ಏಳೇಳು ಜೋಡಿ ಕಣಮ್ಮ. ಮುಂದಿನ ಅಧ್ಯಾಯ ತೆಗೆದು ನೋಡು."

ಹುಡುಗಿ ತೆಗೆದು ನೋಡಿದಳು. ಅದು ಹಾಗೇ ಇತ್ತು. ಆ ಸಂಜೆ ಅತ್ತೆಯ ಕೈ ಇನ್ನೂ ನಾಲ್ಕು ಸಲ ಎದ್ದಿತು. ಕೊನೆಗೆ ಹುಡುಗಿ ಅಳುವುದೊಂದು ಬಾಕಿ. ಅತ್ತೆಗೇ ಪಾಪ ಅನ್ನಿಸಿ, "ಇನ್ನು ಇಲ್ಲಿಗೆ ಬರೋದು ಬೇಡ, ಆ ಮಗು ನನ್ನ ಕಂಡ್ರೆ ಹೆದರುತ್ತೆ," ಎಂದರು. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸದು. ಇನ್ನು ಇದು ನಮ್ಮಿಂದಾಗದು ಎಂದು ಅಳಿಯ ಕೈಚೆಲ್ಲಿದ್ದ.

ಹೀಗಿರುವಾಗ ಅತ್ತೆಗೆ ಹೊಸ ಕನ್ನಡಕ ಮಾಡಿಸಲು ಒಂದು ಅಂಗಡಿಗೆ ಹೋದರು. ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ 'ಕನ್ನಡಕದಕ್ಕ' ಎನ್ನುತ್ತಿದ್ದರು. ಅಕ್ಷರದ ಫಲಕ ಓದಿಸುವಾಗ ಅತ್ತೆ, "ನಂಗೆ ದೂರದ್ದೆಲ್ಲ ಬೇಡಮ್ಮ, ಸತ್ಯವೇದ ಕಂಡ್ರೆ ಸಾಕು," ಎಂದರು. ಆಕೆ ತಟ್ಟನೆ ಹೇಳಿದಳು: "ಹಾಗಾದ್ರೆ ಬುಧವಾರ ಆರು ಗಂಟೆಗೆ ಬನ್ನಿ. ಇಲ್ಲೇ ಕೂತು ಓದ್ತೀವಿ, ನಾಲ್ಕೈದು ಜನ. ಓದಿ ಓದಿ ಹಣ್ಣಾದವರೂ ಇದಾರೆ, ಪುಸ್ತಕ ಮುಟ್ಟದವರೂ ಇದಾರೆ. ಒಂದೇ ನಿಯಮ. ಕಮ್ಮಿ ಗೊತ್ತಿರೋರು ಮೊದಲು ಮಾತಾಡ್ಬೇಕು, ಜಾಸ್ತಿ ಗೊತ್ತಿರೋರು ಕೊನೇಲಿ."

ಅತ್ತೆಯ ಮುಖ ಹುಳ್ಳಗಾಯಿತು. ಆದರೂ ಬುಧವಾರ, ಹೊಸ ಕನ್ನಡಕ ಕೈಸೇರುವ ಮೊದಲೇ, ಇಬ್ಬರೂ ಹೋದರು.

ಗೋಡೆಯ ತುಂಬ ಕನ್ನಡಕಗಳು, ಎಲ್ಲಿ ನೋಡಿದರೂ ಕನ್ನಡಿ. ನಡುವೆ ಮಡಚುವ ಕುರ್ಚಿಗಳಲ್ಲಿ ಒಬ್ಬ ಅಂಚೆಯವನು, ದೇವಶಾಸ್ತ್ರ ಓದಿದ ಪ್ರೊಫೆಸರು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು. ಅವಳು ಬರತೊಡಗಿ ಮೂರು ವಾರವಷ್ಟೇ. ಅಂದಿನ ಭಾಗವನ್ನು ಅವಳೇ ತಡವರಿಸುತ್ತ ಓದಿದಳು. ಯೇಸುಸ್ವಾಮಿ ಇದ್ದ ಮನೆ ಜನರಿಂದ ಕಿಕ್ಕಿರಿದಿದೆ. ಕೈಕಾಲು ಬಿದ್ದುಹೋದವನನ್ನು ನಾಲ್ವರು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜಾಗವಿಲ್ಲದೆ ಚಾವಣಿ ಹತ್ತಿ, ಅದನ್ನು ಬಿಚ್ಚಿ, ಹಾಸಿಗೆ ಸಮೇತ ರೋಗಿಯನ್ನು ಒಳಗಿಳಿಸುತ್ತಾರೆ. ಆತ ಗುಣವಾಗಿ ಎದ್ದು ನಡೆಯುತ್ತಾನೆ.

"ಹೊಸಬರು ಹೇಳಿ," ಎಂದಳು ಕನ್ನಡಕದಕ್ಕ, ಅಳಿಯನ ಕಡೆ ತಿರುಗಿ.

ಆತ ಕತ್ತು ಕೆರೆದುಕೊಂಡ. "ನಂಗೇನೂ ಗೊತ್ತಿಲ್ಲ. ಆದ್ರೆ... ಇಳಿಸಿದ್ದು ಹೇಗೆ? ಇದರಲ್ಲಿ ಹಗ್ಗದ ಮಾತೇ ಇಲ್ಲ. ನಾಲ್ಕು ಮೂಲೆಗೆ ನಾಲ್ಕು ಜನ ಅಂದ್ರೆ, ಒಬ್ಬ ಸ್ವಲ್ಪ ಅವಸರ ಮಾಡಿದ್ರೂ ರೋಗಿ ಜಾರಿ ಬೀಳ್ತಾನೆ. ಲಿಫ್ಟಲ್ಲಿ ನಾವು ಅದಕ್ಕೇ ಹೆದರೋದು. ಹತ್ತಿಸೋದು ಸುಲಭ, ಇಳಿಸೋದೇ ಕಷ್ಟ."

ಯಾರೂ ನಗಲಿಲ್ಲ. ಪ್ರೊಫೆಸರು ಮೂಗಿನ ಮೇಲಿನ ಕನ್ನಡಕ ತೆಗೆದು, "ಮೂವತ್ತು ವರ್ಷ ಪಾಠ ಮಾಡಿದೀನಿ, ಇದು ಹೊಳೆದೇ ಇಲ್ಲ," ಎಂದರು.

"ಮಾಡಿ ನೋಡೋಣ ಹಾಗಾದ್ರೆ," ಎಂದಳು ಇಸ್ತ್ರಿಯವಳು.

ಅಳಿಯನ ಚೀಲದಲ್ಲಿ ನೈಲಾನ್ ಹಗ್ಗ ಸದಾ ಇರುತ್ತಿತ್ತು. ಅದನ್ನು ತುಂಡು ಮಾಡಿ, ಕಪಾಟಿಗೆ ಹೊದಿಸುವ ಬಟ್ಟೆಯ ನಾಲ್ಕು ಮೂಲೆಗೂ ಗಂಟು ಹಾಕಿದ. ನಡುವೆ ಒಂದು ತಟ್ಟೆ, ತಟ್ಟೆಯ ಮೇಲೆ ನೀರು ತುಂಬಿದ ಚೊಂಬು: ಅದೇ ರೋಗಿ. ಅಳಿಯ, ಅಂಚೆಯವನು, ಇಸ್ತ್ರಿಯವಳು, ಕನ್ನಡಕದಕ್ಕ, ನಾಲ್ವರೂ ಚಪ್ಪಲಿ ಬಿಟ್ಟು ಕುರ್ಚಿ ಹತ್ತಿದರು. ಪ್ರೊಫೆಸರು ಕೆಳಗೆ ಕೂತು, ತಾನು ಮನೆಯ ಯಜಮಾನ ಎಂದರು. ಇಳಿಸಿದರು. ಅಂಚೆಯವನು ಬಾಗಿಲು ಬಾಗಿಲಿಗೆ ಓಡಿ ಅಭ್ಯಾಸವಾದವನು, ತನ್ನ ಹಗ್ಗವನ್ನು ಸರ್ರನೆ ಬಿಟ್ಟ. ರೋಗಿ ಮಗುಚಿ ಯಜಮಾನನ ಮಡಿಲು ಸೇರಿದ.

ನಗು ನಿಲ್ಲಲು ಐದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಕೈಚೀಲದ ಹಿಡಿ ತಿರುಚುತ್ತ ಬಾಯಿ ಕಟ್ಟಿಕೊಂಡು ಕೂತಿದ್ದ ಅತ್ತೆಗೆ ಇನ್ನು ತಡೆಯಲಾಗಲಿಲ್ಲ.

"ನಿಮ್ಮ ನಿಯಮ ನನಗ್ಗೊತ್ತು. ಆದ್ರೂ ಹೇಳ್ತೀನಿ. ನೀವು ನಾಲ್ಕೂ ಜನ ನಿಮ್ಮ ನಿಮ್ಮ ಕೈ ನೋಡ್ಕೋತಿದೀರಿ. ಯಾರಾದ್ರೂ ಒಬ್ರು ಲೆಕ್ಕ ಹೇಳ್ಬೇಕು. ನಂಗೆ ಅಕ್ಷರ ಕಾಣಲ್ಲ, ಗಂಟಲು ಗಟ್ಟಿ ಇದೆ. ನಾನು ಹೇಳ್ಲಾ?"

ಚೊಂಬು ಮತ್ತೆ ತುಂಬಿತು. ಅತ್ತೆ ಕೂತಲ್ಲಿಂದಲೇ, "ಒಂದ್... ಬಿಡಿ. ಎರಡ್... ಬಿಡಿ," ಎಂದು ತೊಟ್ಟಿಲು ತೂಗುವ ಲಯದಲ್ಲಿ ಹೇಳತೊಡಗಿದರು. ಬಟ್ಟೆ ಗೇಣುಗೇಣಾಗಿ ಇಳಿಯಿತು. ಹನ್ನೆರಡಕ್ಕೆ ತಟ್ಟೆ ನೆಲ ಮುಟ್ಟಿತು. ಒಂದು ತೊಟ್ಟೂ ಚೆಲ್ಲಲಿಲ್ಲ. ಅಂಚೆಯವನು ಕುರ್ಚಿಯ ಮೇಲೇ ಚಪ್ಪಾಳೆ ಹೊಡೆದ.

ಆಮೇಲೆ ಮಾತು ತಾನಾಗಿ ಬಂತು. ಹಾಸಿಗೆ ಹಿಡಿದಿದ್ದ ತನ್ನ ಅಣ್ಣನನ್ನು ಅಕ್ಕಪಕ್ಕದವರು ಮೂರು ಮಹಡಿ ಇಳಿಸಿ ಆಸ್ಪತ್ರೆಗೆ ಒಯ್ದ ಕತೆಯನ್ನು ಇಸ್ತ್ರಿಯವಳು ಮೊದಲ ಬಾರಿಗೆ ಹೇಳಿದಳು. ಪ್ರೊಫೆಸರು ಆ ಕಾಲದ ಮನೆಗಳ ಚಾವಣಿ ಮಣ್ಣಿನದು, ತೊಲೆಯದು ಎಂದು ವಿವರಿಸಿದರು. ಈಗ ಅದು ಅಳಿಯನ ತಲೆಯೊಳಗೂ ಸಲೀಸಾಗಿ ಇಳಿಯಿತು. ಕೊನೆಯ ಸರದಿ ಅತ್ತೆಯದು. ಎಲ್ಲರೂ ಅವರತ್ತ ನೋಡಿದರು.

"ಹನ್ನೊಂದು ಸಲ ಓದಿದೀನಿ," ಎಂದರು. "ಹನ್ನೊಂದು ಸಲವೂ ಹಾಸಿಗೇನೇ ನೋಡ್ದೆ. ತಲೆ ಎತ್ತಿ ಆ ನಾಲ್ಕು ಮುಖ ನೋಡ್ಲಿಲ್ಲ. ಇವತ್ತು ನೋಡ್ದಂಗಾಯ್ತು."

ಅಷ್ಟು ಹೇಳಿ ಕೈಚೀಲ ಎತ್ತಿಕೊಂಡರು. ಅತ್ತೆ ಇಷ್ಟು ಕಡಿಮೆ ಮಾತಾಡಿದ್ದನ್ನು ಅಳಿಯ ಕಂಡೇ ಇರಲಿಲ್ಲ.

ಬಸ್ಸಿನಲ್ಲಿ ಅತ್ತೆ ಕಿಟಕಿಗೆ ಒರಗಿ ಕೂತರು. ಎರಡು ನಿಲ್ದಾಣ ದಾಟಿದ ಮೇಲೆ ಕೇಳಿದರು: "ಅಲ್ಲ ಅಳಿಯಂದ್ರೇ, ಬಿಚ್ಚಿದ ಚಾವಣೀನ ಆಮೇಲೆ ಮುಚ್ಚಿದ್ದು ಯಾರು?"

"ಪುಸ್ತಕದಲ್ಲಿ ಇಲ್ವಾ?"

"ಇದ್ದಂಗಿಲ್ಲ."

"ಎದ್ದು ನಡೆದನಲ್ಲ ಅತ್ತೆ, ಅವನೇ ಬಂದು ಮುಚ್ಚಿರ್ಬೇಕು. ಕೈಕಾಲು ಬಂದ ಮೇಲೆ ಮೊದಲ ಕೆಲಸ ಅದೇ ಅಲ್ವಾ?"

ಅತ್ತೆ ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕರು. ಆಮೇಲೆ ಕೈಚೀಲದಿಂದ ಪುಸ್ತಕ ತೆಗೆದು ಆತನ ತೊಡೆಯ ಮೇಲಿಟ್ಟು, "ಇನ್ನೂ ನಾಲ್ಕು ನಿಲ್ದಾಣ ಇದೆ. ಓದಿ, ಕೇಳ್ತೀನಿ," ಎಂದರು.