ಸೇದದವಳ ಎದೆ

ದೇಶದ ತಂಬಾಕು ಸಮೀಕ್ಷೆಗೆಂದು ಮನೆಮನೆ ಸುತ್ತುತ್ತಿದ್ದ ದಿನಗಳಲ್ಲಿ ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನೊಬ್ಬನ ಮನೆಗೆ ಹೋದೆ. ಮುಂದಿನ ಕೋಣೆಯೇ ಅವನ ಕಾರ್ಖಾನೆ. ಹೆಂಡತಿ ನೆಲದ ಮೇಲೆ ಕೂತು ಅಚ್ಚಾದ ಹಾಳೆ ಮಡಿಸುತ್ತಿದ್ದಳು, ಮಗಳು ಸೂಜಿಗೆ ದಾರ ಪೋಣಿಸುತ್ತಿದ್ದಳು, ಅವನು ಸಿಗರೇಟು ಕಚ್ಚಿಕೊಂಡು ಅಂಟು ಬಳಿಯುತ್ತಿದ್ದ. ಹಾಳೆ ಹಾರೀತೆಂದು ಕಿಟಕಿ ಮುಚ್ಚಿದ್ದರು. ಒಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಉರಿಯಿತು.

"ಮನೆಯೊಳಗೆ ಯಾರಾದ್ರೂ ಸೇದ್ತಾರಾ?" ಎಂದು ಕೇಳಿದೆ.

ಮೂಲೆಯಲ್ಲಿದ್ದ ಅವನ ತಾಯಿ ನಕ್ಕರು. "ಕಣ್ಣೆದುರಿಗೇ ಹೊಗೆ ಏಳ್ತಿದೆ, ಇನ್ನೂ ಕೇಳ್ತೀಯಲ್ಲಮ್ಮ! ನನ್ನ ಮಗ, ಬರ್ಕೋ."

"ಬಿಡೋಕೆ ಪ್ರಯತ್ನ ಪಟ್ಟಿದ್ದೀರಾ?"

"ಹೋದ ವರ್ಷ ಹತ್ತೊಂಬತ್ತು ದಿನ ಬಿಟ್ಟಿದ್ದೆ," ಎಂದ ಅವನು ತಲೆ ಎತ್ತದೆ. "ಕೈ ನಡುಗಿ ಹೊಲಿಗೆಯೆಲ್ಲ ಸೊಟ್ಟ ಬಂತು. ಕಂಡಕಂಡವರ ಮೇಲೆ ಹರಿಹಾಯ್ತಿದ್ದೆ."

ಹೆಂಡತಿ ಕೆಮ್ಮಿ, ಉಸಿರು ಸುಧಾರಿಸಿಕೊಂಡು ಹೇಳಿದಳು: "ಇಪ್ಪತ್ತನೇ ದಿನ ನಾನೇ ಅಂಗಡಿಗೆ ಹೋಗಿ ಪ್ಯಾಕು ತಂದುಕೊಟ್ಟೆ. ಅತ್ತೆ ತಂದ್ಕೊಡು ಅಂತ ಪ್ರಾಣ ತಿಂದ್ರು. ನಂಗೂ ಇವರ ಬೈಗುಳ ಸಾಕಾಗಿತ್ತು."

ಅವಳು ಒಮ್ಮೆಯೂ ಸೇದಿದವಳಲ್ಲ. ಆದರೂ ನಾಲ್ಕು ಮೆಟ್ಟಿಲು ಹತ್ತಲಾಗದಷ್ಟು ಏದುಸಿರು.

"ಅಜ್ಜಿ, ಆ ಹೊಗೆ ನಿಮ್ಮ ಸೊಸೆ ಎದೆಗೂ ಹೋಗ್ತಿದೆ. ಮೊದಲು ನಿಮ್ಮ ಮಗ ಹೊರಗೆ ಹೋಗಿ ಸೇದಲಿ. ಬಿಡಿಸೋಕೆ ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡ್ತಾರೆ," ಎಂದೆ.

"ಮನೆ ಯಜಮಾನ ಬೀದೀಲಿ ನಿಂತು ಸೇದ್ಬೇಕಾ? ನಮ್ಮವರು ಮಂಚದ ಮೇಲೇ ಸೇದ್ತಿದ್ರು. ನಾನು ಗುಂಡುಕಲ್ಲಿನ ಹಾಗೆ ಇಲ್ವಾ? ಇವಳದ್ದೇ ನಾಜೂಕು ಜೀವ!"

ಆರು ತಿಂಗಳ ಮೇಲೆ ಮರುಪರಿಶೀಲನೆಗೆ ಹೋದಾಗ ಹಾಳೆ ಮಡಿಸುವವಳು ಇರಲಿಲ್ಲ. ತೀರಿಹೋಗಿ ಹನ್ನೊಂದು ದಿನವಾಗಿತ್ತು.

"ಕೊನೆಕೊನೆಗೆ ಅಮ್ಮ ಕೂತೇ ನಿದ್ದೆ ಮಾಡ್ತಿದ್ಲು, ಮಲಗಿದ್ರೆ ಉಸಿರು ಕಟ್ಟೋದು," ಎಂದಳು ಮಗಳು. "ಡಾಕ್ಟರು ಎದೆ ಫೋಟೋ ನೋಡಿ, ದಿನಕ್ಕೆ ಎಷ್ಟು ಸೇದ್ತಿದ್ರಿ ಅಂತ ಅಮ್ಮನ್ನೇ ಕೇಳಿದ್ರು. ಅಮ್ಮ ಅಪ್ಪನ ಮುಖ ನೋಡಿದ್ಲು. ಅಪ್ಪ ಎದ್ದು ಹೊರಗೆ ಹೋದ."

ನಾನು ನಮೂನೆ ತುಂಬಿದೆ. ಸೇದುವವರು ಒಬ್ಬರು, ಹಿಂದಿನಂತೆಯೇ. ಸೇದದವರಲ್ಲಿ ಒಬ್ಬರು ಕಡಿಮೆ. ಕಾರಣ ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ಅಷ್ಟರಲ್ಲಿ, ಮಾತಾಡಿಸಲು ಬಂದಿದ್ದ ಹುಡುಗಿಯ ಚಿಕ್ಕಪ್ಪ ತಾನೊಂದು ಸಿಗರೇಟು ಹಚ್ಚಿ ಅಣ್ಣನಿಗೊಂದು ಚಾಚಿದ. "ತಗೋ, ದುಃಖ ಸ್ವಲ್ಪ ಹಗುರ ಆಗ್ತದೆ."

ಅಣ್ಣನ ಕೈ ತಾನಾಗಿಯೇ ಮುಂದೆ ಹೋಯಿತು. ಮಗಳು ಎದ್ದು ನಿಂತಳು.

"ಚಿಕ್ಕಪ್ಪ, ಹೊರಗೆ ಹೋಗಿ."

"ದೊಡ್ಡವರಿಗೆ ಎದುರಾಡ್ತೀಯೇನೇ?" ಅಜ್ಜಿ ಗದರಿದರು.

"ಹೌದಜ್ಜಿ. ಅಮ್ಮ ಎದುರಾಡ್ಲೇ ಇಲ್ಲ." ಅವಳು ಅಪ್ಪನ ಕಡೆ ತಿರುಗಿದಳು. "ಇನ್ನೊಂದ್ಸಲ ಇಲ್ಲಿ ಹೊಗೆ ಎದ್ರೆ ನಾನು ಈ ಮನೇಲಿ ಇರಲ್ಲ. ಅಪ್ಪಾ, ನಡಿ ಆರೋಗ್ಯ ಕೇಂದ್ರಕ್ಕೆ."

ರಟ್ಟು ಕಟ್ಟುವವನು ಮುಖ ಮುಚ್ಚಿಕೊಂಡು ಬಿಕ್ಕಿದ. "ನನ್ನ ಕೈಲಿ ಆಗಲ್ಲ ಮಗಳೇ. ಅವಳು ನರಳ್ತಿದ್ದಾಗಲೇ ಆಗ್ಲಿಲ್ಲ."

"ಆಗಲ್ಲ ಅಂತಾನೇ ಕರೀತಿರೋದು. ಏಳು."

ಅವನು ಎದ್ದ. ಹೊಸಿಲ ಬಳಿ ಚಪ್ಪಲಿಗೆ ಕಾಲು ತೂರಿಸಲು ಮೂರು ಸಲ ತಡಕಾಡಿದ. ಮಗಳು ಬೀದಿಯಲ್ಲಿ ನಿಂತು ಕಾದಳು.